ಅಮ್ಮನ ಹೊಲ

"ನೀವು ಮಾತಾಡ್ಲೇಬೇಕು ಅಂತೇನಿಲ್ಲ ಆಂಟಿ. ಮೇಷ್ಟ್ರು ಹಿಂದೊಂದ್ಸಲ ಮಾತಾಡಿದ್ದು ನನ್ನ ಫೋನಲ್ಲಿ ಹಾಗೇ ಇದೆ. ಅದನ್ನೇ ಹಾಕ್ಬಿಡ್ಲಾ?"

ಪ್ರದರ್ಶನದ ಉಸ್ತುವಾರಿ ನೋಡುತ್ತಿದ್ದ ಹುಡುಗಿ ಇದನ್ನು ಕೇಳಿದ್ದು ಬಹಳ ಮೆತ್ತಗೆ, ಬೇರೆಯವರ ಕಿವಿಗೆ ಬೀಳದ ಹಾಗೆ. ಕೇಳುವ ಮೊದಲೇ ಒಂದು ಕುರ್ಚಿ ತಂದು ಹಾಕಿದ್ದಳು, ಕೈಗೆಟಕುವ ಕಡೆ ನೀರಿನ ಲೋಟ ಇಟ್ಟಿದ್ದಳು. ಅಂಥವಳ ಮೇಲೆ ಸಿಟ್ಟು ಮಾಡಿಕೊಳ್ಳುವುದಾದರೂ ಹೇಗೆ? ಹಳದಿ ಅಮ್ಮ ತಲೆಯಾಡಿಸಿ, "ಬೇ... ಬೇಡಮ್ಮ. ನಾನೇ," ಅಂದರು.

ಚಿತ್ರ ಬರೆಯುವವರ ಬಳಗದಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದೇ ಹಾಗೆ. ಅದಕ್ಕೆ ಕಾರಣ ಬೆನ್ನ ಹಿಂದಿನ ಗೋಡೆಯ ಮೇಲೆಯೇ ಇತ್ತು. ಆಳೆತ್ತರದ ಚಿತ್ರ, ಮೇಲಿನಿಂದ ಕೆಳಗಿನವರೆಗೂ ಹಳದಿ. ಒಂದು ಕಡೆ ಬೆಳಕು ಚೆಲ್ಲಿದಂತೆ ತಿಳಿಯಾಗಿ, ಇನ್ನೊಂದು ಕಡೆ ಜೇನಿನ ಹಾಗೆ ಗಟ್ಟಿಯಾಗಿ. ಕೆಳಗೆ ಅಂಟಿಸಿದ ಚೀಟಿಯಲ್ಲಿ 'ಅಮ್ಮನ ಹೊಲ' ಎಂದಿತ್ತು. ಹೆಸರಿಟ್ಟವರು ಅವರ ಯಜಮಾನರು. ಯಾರೋ ಕೊಳ್ಳಲು ಬಂದಾಗ, "ಅಮ್ಮನ ಹೊಲ ಮಾರ್ಕೊಳ್ಳೋಷ್ಟು ಗತಿಗೆಟ್ಟಿಲ್ಲ ಸ್ವಾಮಿ," ಎಂದು ನಕ್ಕು ವಾಪಸು ಕಳಿಸಿದವರೂ ಅವರೇ. ಭೂಗೋಳದ ಮೇಷ್ಟ್ರು, ಮಾತು ಅವರ ಬಾಯಲ್ಲಿ ನೀರಿಳಿದಷ್ಟು ಸಲೀಸು. ಅವರು ಹೋಗಿ ಒಂದು ವರ್ಷವಾಗಿತ್ತು.

ಮದುವೆಯಾದ ಹೊಸದರಲ್ಲಿ, ಮೊದಲ ಪ್ರದರ್ಶನದ ದಿನ, ಯಾರೋ ದೊಡ್ಡ ಮನುಷ್ಯರು ಈ ಚಿತ್ರದ ಮುಂದೆ ನಿಂತು, "ಇದು ಹೇಗೆ ಹುಟ್ಟಿತು ತಾಯಿ?" ಎಂದು ಕೇಳಿದ್ದರು. ಆಕೆಗೆ ಚಿಕ್ಕಂದಿನಿಂದ ಉಗ್ಗು. ಮೊದಲ ಅಕ್ಷರವೇ ತುಟಿಯಲ್ಲಿ ಸಿಕ್ಕಿಕೊಂಡಿತು. ಆ ಮನುಷ್ಯರು ಪಾಪ, ಸಹಾಯ ಮಾಡಲೆಂದು, "ಬಿಸಿಲಾ? ಬಂಗಾರವಾ? ಬಯಲಾ?" ಎಂದು ಮಗುವಿಗೆ ತುತ್ತು ತಿನ್ನಿಸುವ ಹಾಗೆ ಒಂದೊಂದೇ ಪದ ಕೊಡುತ್ತಾ ಹೋದರು. ಆಗ ಮೇಷ್ಟ್ರು ಪಕ್ಕಕ್ಕೆ ಬಂದು ನಿಂತು ಗಂಟಲು ಸರಿಮಾಡಿಕೊಂಡು, "ಇದು ನಮ್ಮ ಅಮ್ಮನ ಹೊಲ," ಅಂದುಬಿಟ್ಟರು. ಸುತ್ತಲಿದ್ದವರ ಉಸಿರು ಸಡಿಲವಾಯಿತು. ಆಕೆಗಂತೂ ಹೋದ ಜೀವ ಬಂದ ಹಾಗಾಯಿತು.

ಅಂದಿನಿಂದ ಅದೇ ಪದ್ಧತಿ. ಬರೆಯುವುದು ಇವರು, ಹೇಳುವುದು ಅವರು. ಒಂದೇ ಒಂದು ಸಲ, ಅಡುಗೆಮನೆಯಲ್ಲಿ ಇಬ್ಬರೇ ಇದ್ದಾಗ, ಧೈರ್ಯ ಮಾಡಿ "ಅದು ಹೊ... ಹೊಲ..." ಎಂದು ಶುರು ಮಾಡಿದ್ದರು. ಮೇಷ್ಟ್ರು ಪ್ರೀತಿಯಿಂದಲೇ, "ಹೊಲ ಅಷ್ಟೇ ಅಲ್ಲ, ಮೇಲೆ ಆಕಾಶಾನೂ ಇದೆ. ಗೊತ್ತು ಕಣೇ, ಅಷ್ಟೂ ಗೊತ್ತಾಗಲ್ವಾ ನನಗೆ?" ಎಂದು ಮಾತನ್ನು ಪೂರ್ತಿ ಮಾಡಿ, ಪೇಪರು ಬಿಡಿಸಿಕೊಂಡು ಕೂತಿದ್ದರು. ಹೊಲ ಅಲ್ಲವೇ ಅಲ್ಲ ಎನ್ನುವ ಮಾತು ಒಳಗೇ ಉಳಿಯಿತು. ಆಮೇಲೆ ಪ್ರತಿಸಲವೂ ಆ ಹೊಲದ ವಿಷಯ ಹೇಳುವಾಗ ಅವರ ಮುಖ ಎಳೆಯ ಹುಡುಗನದಾಗುವುದನ್ನು ನೋಡಿ, ಬಾಯಿ ಬಿಡಲು ಮನಸ್ಸೂ ಬರಲಿಲ್ಲ.

ಈಗ ಮನೆಯಲ್ಲಿ ಒಬ್ಬರೇ. ಪಾತ್ರೆ ತೊಳೆಯುತ್ತಾ ಒಂದು ದಿನ ತಮ್ಮಷ್ಟಕ್ಕೆ ತಾವು ಆ ಚಿತ್ರದ ಕಥೆ ಹೇಳಿಕೊಂಡರು. ಒಂದಕ್ಷರವೂ ತಡವರಿಸಲಿಲ್ಲ. ಕೇಳುವವರಿಲ್ಲದ ಮನೆಯಲ್ಲಿ ನಾಲಿಗೆಗೆ ಉಗ್ಗೇ ಇರಲಿಲ್ಲ. ಆಗಲೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದರು: ಪ್ರದರ್ಶನದ ಕೊನೆಯ ದಿನ ಕಲಾವಿದರೆಲ್ಲ ತಮ್ಮ ತಮ್ಮ ಕೃತಿಯ ಪಕ್ಕ ನಿಂತು ಅದರ ಸ್ಫೂರ್ತಿ ಏನೆಂದು ಹೇಳುತ್ತಾರಲ್ಲ, ಅಲ್ಲಿ ಹೇಳಿಯೇ ಬಿಡಬೇಕು. ಅರ್ಧ ಗಂಟೆ ಹಿಡಿದರೂ ಸರಿ, ನಗುವವರು ನಕ್ಕರೂ ಸರಿ.

ಜನ ಒಂದು ಕೃತಿಯಿಂದ ಇನ್ನೊಂದಕ್ಕೆ ಗುಂಪಾಗಿ ಸರಿಯುತ್ತಿದ್ದರು. ತಂತಿಯಲ್ಲಿ ಬೊಂಬೆ ಮಾಡುವವನು ಎದೆ ಮುಟ್ಟಿಕೊಂಡು, "ಈ ತಂತಿ ನಾನು. ಈ ಸಿಕ್ಕೂ ನಾನೇ," ಅಂದ. ಹಿಂದಿನಿಂದ ಅವನ ಹೆಂಡತಿ, "ಬಿಡಿಸೋಳು ಮಾತ್ರ ನಾನು," ಅಂದಾಗ ಎಲ್ಲರೂ ಗೊಳ್ಳೆಂದರು. ಫೋಟೋ ತೆಗೆಯುವ ಹೆಂಗಸು ಖಾಲಿ ಬಸ್ಸಿನ ಚಿತ್ರ ತೋರಿಸಿ, "ನಿದ್ದೆ ಹೋಗಿ ಕೊನೇ ಸ್ಟಾಪಿಗೆ ಬಂದ್ಬಿಟ್ಟಿದ್ದೆ, ಅಷ್ಟೇ," ಎಂದು ಮುಗಿಸಿದಳು. ಮುಂದಿನ ಸರದಿ ಹಳದಿ ಅಮ್ಮನದು. ಎದ್ದು ನಿಂತು ಒಂದು ಗುಟುಕು ನೀರು ಕುಡಿದರು.

"ಅಂತೂ ಸಿಕ್ಕಿದೆಯಲ್ಲ! ಈ ಕಟ್ಟಡಕ್ಕೆ ಬಾಗಿಲು ಎಲ್ಲಿದೆ ಅಂತ ಹುಡುಕೋದ್ರಲ್ಲೇ ಅರ್ಧ ಆಯಸ್ಸು ಹೋಯ್ತು."

ಅತ್ತಿಗೆ. ಮೇಷ್ಟ್ರ ಅಕ್ಕ. ದಪ್ಪ ಗಾಜಿನ ಕನ್ನಡಕ, ಕೈಯಲ್ಲಿ ಕೊಡೆ. ಬಸ್ಸು ಬದಲಾಯಿಸಿಕೊಂಡು ಒಬ್ಬರೇ ಬಂದಿದ್ದರು.

"ತಮ್ಮ ಇದ್ದಾಗ ಒಂದು ದಿನಾನೂ ಇಂಥದ್ದಕ್ಕೆ ಕರೀಲಿಲ್ಲ. ಅಕ್ಕನ ಕಾಲು ನೋವು ಅಂತ ನೆಪ. ನೀನೂ ಕರೀಲಿಲ್ಲ. ಇರ್ಲಿ ಬಿಡು, ನಾನೇ ಬಂದೆ." ಕುರ್ಚಿಯಲ್ಲಿ ಕುಸಿದು ಕೂತು, ಸುಧಾರಿಸಿಕೊಂಡು ತಗ್ಗಿದ ದನಿಯಲ್ಲಿ ಹೇಳಿದರು: "ಇವತ್ತು ಅವನ ವಿಷಯ ಏನಾದ್ರೂ ಬರುತ್ತಲ್ಲ? ಅದನ್ನ ಕೇಳ್ಬೇಕು ಅಂತಲೇ ಬಂದದ್ದು ಕಣೇ. ಅವನ ಹೆಸರೆತ್ತೋರೇ ಇಲ್ಲ ಈಗ ನಮ್ಮನೇಲಿ."

ಹಳದಿ ಅಮ್ಮ ನೀರಿನ ಲೋಟ ಕೆಳಗಿಟ್ಟರು. ಇಷ್ಟು ದೂರ ತಮ್ಮನನ್ನು ಹುಡುಕಿಕೊಂಡು ಬಂದ ಈ ಹಿರಿಯ ಜೀವದ ಮುಂದೆ ಏನೆಂದು ಹೇಳುವುದು? ಈ ಚಿತ್ರದಲ್ಲಿ ನಿಮ್ಮ ತಮ್ಮನೂ ಇಲ್ಲ, ನಿಮ್ಮಮ್ಮನೂ ಇಲ್ಲ. ನಿಮ್ಮ ಮನೆಗೆ ಬರುವ ಮೊದಲು ನಾನು ಒಬ್ಬಳೇ ಸುಖವಾಗಿದ್ದ ಕಾಲ ಇದು ಅಂತಲೇ? ಜನ ಆಗಲೇ ಅರ್ಧಚಂದ್ರಾಕಾರವಾಗಿ ನಿಂತಿದ್ದರು. ಹುಡುಗಿ ಮುಖ ನೋಡಿದಳು. ಹಳದಿ ಅಮ್ಮ ಕಣ್ಣಲ್ಲೇ ಅವಳ ಫೋನಿನ ಕಡೆ ತೋರಿಸಿದರು.

ಮೊದಲು ಬಂದದ್ದು ಕೆಮ್ಮು. ಆಮೇಲೆ, ಆತ ಅಲ್ಲೇ ಎಲ್ಲೋ ಕಂಬದ ಮರೆಯಲ್ಲಿ ನಿಂತಿರುವ ಹಾಗೆ, ಮೇಷ್ಟ್ರ ದನಿ.

"ಇದು ನಮ್ಮ ಅಮ್ಮನ ಹೊಲ ಸ್ವಾಮಿ. ಸೂರ್ಯಕಾಂತಿ. ಕಣ್ಣು ಹಾಯಿಸಿದಷ್ಟೂ ನಮ್ಮದೇ. ಅಮ್ಮ ಬದುವಿನ ಮೇಲೆ ನಿಂತು ಕೂಗಿದ್ರೆ ನಾನು ಹೂವಿನೊಳಗೆ ಮುಳುಗಿ ಬಚ್ಚಿಟ್ಕೊಳ್ತಿದ್ದೆ. ಇವಳು ಅದನ್ನ ನೋಡಿದೋಳಲ್ಲ. ನಾನು ಹೇಳಿದ್ದು ಕೇಳಿಕೊಂಡೇ ಬರೆದಳು."

ಅದೇ ಧ್ವನಿಮುದ್ರಣದಲ್ಲಿ ಯಾರೋ, "ಅಮ್ಮಾ, ನೀವೇನು ಹೇಳ್ತೀರಿ?" ಎಂದು ಕೇಳಿದರು. ಸ್ವಲ್ಪ ಹೊತ್ತು ಏನೂ ಇಲ್ಲ. ಫ್ಯಾನಿನ ಸದ್ದು, ದೂರದಲ್ಲಿ ಯಾರದೋ ಚಪ್ಪಲಿ. ಆ ಏನೂ ಇಲ್ಲದ್ದು ತಾವೇ ಎಂದು ಹಳದಿ ಅಮ್ಮನಿಗೆ ಹೊಳೆಯಲು ಒಂದು ಕ್ಷಣ ಬೇಕಾಯಿತು. ಮತ್ತೆ ಮೇಷ್ಟ್ರು: "ಅವಳ ಮಾತೆಲ್ಲ ಈ ಬಣ್ಣದಲ್ಲೇ ಇದೆ." ಆಗಿನ ಜನ ನಕ್ಕರು, ಈಗಿನ ಜನ ಚಪ್ಪಾಳೆ ತಟ್ಟಿದರು. ಒಂದಿಬ್ಬರು ಕಣ್ಣೊರೆಸಿಕೊಂಡರು. ಗುಂಪು ಮುಂದಿನ ಮಣ್ಣಿನ ಹೂಜಿಗಳ ಕಡೆ ಸರಿಯಿತು.

ಅತ್ತಿಗೆಯ ಭುಜ ಅಲುಗಾಡುತ್ತಿತ್ತು. ಅಳುತ್ತಿದ್ದಾರೆಂದು ಹಳದಿ ಅಮ್ಮ ಬಗ್ಗಿ ನೋಡಿದರೆ, ಬಾಯಿಗೆ ಕರವಸ್ತ್ರ ಒತ್ತಿಕೊಂಡು ನಗುತ್ತಿದ್ದರು.

"ಯಾವ ಹೊಲ ಮಾರಾಯ್ತಿ? ಯಾವ ಬದು? ನಾವಿದ್ದದ್ದು ಬಟ್ಟೆ ಮಿಲ್ಲಿನ ಹಿಂದೆ, ಒಂದೇ ಕೋಣೆ. ಬಾಗಿಲು ತೆಗೆದ್ರೆ ಮಿಲ್ಲಿನ ಗೋಡೆ. ಅಮ್ಮನ ಹತ್ರ ಒಂದು ಹೂವಿನ ಕುಂಡ ಇಡೋಕೂ ಜಾಗ ಇರಲಿಲ್ಲ! ಅದಕ್ಕೇ ನನ್ನ ಕರೀತಿರಲಿಲ್ಲ ನೋಡು, ಕಳ್ಳ."

ಹಳದಿ ಅಮ್ಮ ಪಕ್ಕದ ಬೆಂಚಿನ ಮೇಲೆ ಕೂತರು.

ನಗು ನಿಂತ ಮೇಲೆ ಅತ್ತಿಗೆ ಕನ್ನಡಕ ತೆಗೆದು ಒರೆಸಿಕೊಂಡರು. "ಅಪ್ಪ ಹೋದ ವರ್ಷ ರೈಲಲ್ಲಿ ಹೋಗ್ತಿದ್ವಿ. ಇವನಿಗೆ ನಾಲ್ಕೋ ಐದೋ. ಅತ್ತು ಅತ್ತು ರಂಪ ಮಾಡ್ತಿದ್ದ. ಕಿಟಕಿ ಆಚೆ ಸೂರ್ಯಕಾಂತಿ ಬಿಟ್ಟಿತ್ತು. ಅಮ್ಮ ಅವನನ್ನ ಎತ್ತಿ ಹಿಡ್ಕೊಂಡು, 'ನೋಡೋ, ಅದೆಲ್ಲ ನಮ್ಮದೇ' ಅಂದ್ಲು. ಸುಮ್ಮನಾದ. ಅಷ್ಟೇ ಕಣೇ ಹೊಲ. ರೈಲು ದಾಟಿ ಹೋಯ್ತು." ಕನ್ನಡಕ ಮತ್ತೆ ಹಾಕಿಕೊಂಡು, "ಅವನು ಅದನ್ನ ಇಟ್ಕೊಂಡಿದ್ದ ಅಂತ ನನಗೇ ಗೊತ್ತಿರಲಿಲ್ಲ. ನಿನಗೆ ಹೇಳಿದ್ನಾ?"

"ಇ... ಇಲ್ಲ."

ಇಷ್ಟು ವರ್ಷ ಒಂದೇ ಗೋಡೆಯ ಮೇಲಿನ ಒಂದೇ ಚಿತ್ರ. ಮನೆಯಲ್ಲಿ ಅದರ ಮುಂದೆ ಗಂಡ ಹೆಂಡತಿ ಇಬ್ಬರೂ ದಿನಾ ಕೂತು ಊಟ ಮಾಡಿದ್ದರು. ಗಂಡನ ಮೇಲೆ ಕೋಪ ಬರಬಹುದೇನೋ ಎಂದು ಹಳದಿ ಅಮ್ಮ ಕಾದರು, ಬರಲಿಲ್ಲ. ಅಳುವ ಒಬ್ಬ ಹುಡುಗ ಮಾತ್ರ ಕಣ್ಣಿಗೆ ಕಟ್ಟಿದ.

"ಹೊಲ ಅಲ್ಲ ಅಂದ್ಮೇಲೆ ಇದೇನು ಮತ್ತೆ?" ಅತ್ತಿಗೆ ಚಿತ್ರದ ಕಡೆ ಕೊಡೆ ಚಾಚಿದರು. "ಬರೆದೋಳು ನೀನು. ಏನಿದು?"

ಮದುವೆಗೆ ಮುಂಚೆ ಹಳದಿ ಅಮ್ಮ ನಕ್ಷೆ ಬರೆಯುವ ಕಚೇರಿಯಲ್ಲಿ ಕೆಲಸಕ್ಕಿದ್ದಾಗ ಬಾಡಿಗೆಗೆ ಹಿಡಿದಿದ್ದ ಕೋಣೆ ಅದು. ಮೊದಲ ಸಂಬಳದಲ್ಲಿ ತುಂಡು ಬಟ್ಟೆಯ ಅಂಗಡಿಯಿಂದ ಹಳದಿ ಬಟ್ಟೆ ತಂದು, ಹೊಲಿದು, ಕಿಟಕಿಗೆ ಪರದೆ ಹಾಕಿದ್ದರು. ರಜೆಯ ದಿನ ಬಿಸಿಲು ಬಂದರೆ ಕೋಣೆಯೆಲ್ಲ, ನೆಲ, ಹಾಸಿಗೆ, ತಮ್ಮ ಕೈಬೆರಳು ಕೂಡ ಹಳದಿ. ಯಾರೂ ಏನೂ ಕೇಳುತ್ತಿರಲಿಲ್ಲ. ಯಾರಿಗೂ ಉತ್ತರ ಕೊಡಬೇಕಿರಲಿಲ್ಲ. ಇದನ್ನೆಲ್ಲ ಹೇಳಬೇಕಿತ್ತು.

"ಅದು ಒಂದು ಪ... ಪ..."

ಅತ್ತಿಗೆ ಬಾಯಿ ತೆರೆದರು. ಅಕ್ಕತಮ್ಮ ಇಬ್ಬರೂ ಒಂದೇ ಅಚ್ಚು. ಎದುರಿನವರ ಮಾತನ್ನು ಮುಗಿಸದಿದ್ದರೆ ಇಬ್ಬರಿಗೂ ತಿಂದದ್ದು ಅರಗುತ್ತಿರಲಿಲ್ಲ. ತಾವೇ ಹೇಳಿ ಮುಗಿಸಬೇಕೆಂದಿದ್ದ ಪದ ಅತ್ತಿಗೆಯ ತುಟಿಯ ತುದಿಗೆ ಬಂದು ನಿಂತದ್ದು ಕಾಣಿಸಿತು. ಆಮೇಲೆ ಅದೇನನ್ನಿಸಿತೋ, ಬಾಯಿ ಮುಚ್ಚಿಕೊಂಡರು. ಕೊಡೆಯನ್ನು ನೆಲಕ್ಕಿಟ್ಟು, ಎರಡೂ ಕೈಗಳನ್ನು ಮಡಿಲಲ್ಲಿ ಸೇರಿಸಿಕೊಂಡರು.

"ಪ..."

ಆಚೆ ಮಣ್ಣಿನ ಹೂಜಿಯವರ ಮಾತೂ ಮುಗಿದು ಜನ ಬಾಗಿಲ ಕಡೆ ಹೊರಟಿದ್ದರು. ಅತ್ತಿಗೆ ಆ ಕಡೆ ತಿರುಗಲಿಲ್ಲ. ದಪ್ಪ ಗಾಜಿನ ಹಿಂದಿನ ಕಣ್ಣುಗಳನ್ನು ಹಳದಿ ಅಮ್ಮನ ತುಟಿಯ ಮೇಲೆ ಇಟ್ಟುಕೊಂಡು, ಸುಮ್ಮನೆ ಕೂತಿದ್ದರು.