ಮೂಲಪ್ರತಿ ಓದುವವರ ಕುರ್ಚಿ

ಸರ್ಕಾರಿ ಮುದ್ರಣಾಲಯದಲ್ಲಿ ಪ್ರೂಫ್ ನೋಡುವುದು ಇಬ್ಬರ ಕೆಲಸ. ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಅಚ್ಚಾದ ಹಾಳೆಯಲ್ಲಿ ತಪ್ಪು ಗುರುತಿಸಬೇಕು. ನನ್ನ ಗಂಡ ಓದುತ್ತಿದ್ದ, ನಾನು ಗುರುತಿಸುತ್ತಿದ್ದೆ. ಅಲ್ಪವಿರಾಮಕ್ಕೆ ಮೇಜಿನ ಮೇಲೆ ಒಂದು ಸಲ ಕುಟ್ಟುತ್ತಿದ್ದ, ಪೂರ್ಣವಿರಾಮಕ್ಕೆ ಎರಡು ಸಲ.

ಅವನು ತೀರಿಹೋಗಿ ಏಳು ತಿಂಗಳಾಯಿತು. ಕುರ್ಚಿಯ ಬೆನ್ನಿಗೆ ಅವನ ಸ್ವೆಟರ್ ಹಾಗೇ ಇತ್ತು. ಎರಡೂ ಕೆಲಸ ನಾನೊಬ್ಬಳೇ ಮಾಡುತ್ತಿದ್ದೆ. ಮ್ಯಾನೇಜರ್ ಕನಿಕರದಿಂದ ಸುಮ್ಮನಿದ್ದರು. ಸಂವಿಧಾನದ ಮರುಮುದ್ರಣ ಬಂದ ಮೇಲೆ ಅವರಿಗೂ ಸುಮ್ಮನಿರಲಾಗಲಿಲ್ಲ.

“ನೋಡಮ್ಮಾ, ಇದಕ್ಕೆ ಇಬ್ಬರ ಸಹಿ ಬೇಕೇ ಬೇಕು. ಆ ಕುರ್ಚೀಲಿ ಯಾರಾದ್ರೂ ಕೂರ್ಲಿ. ಇಲ್ಲಾಂದ್ರೆ ನಿನ್ನನ್ನ ಉಗ್ರಾಣಕ್ಕೆ ಹಾಕ್ಬೇಕಾಗತ್ತೆ.”

ಅವರು ಕಳಿಸಿದ್ದು ಬೈಂಡಿಂಗ್ ಅತ್ತೆಯನ್ನು. ಇಡೀ ಮುದ್ರಣಾಲಯಕ್ಕೇ ಅವರು ಅತ್ತೆ. ಮೂವತ್ತು ವರ್ಷ ಪುಸ್ತಕ ಹೊಲಿದು ಬೆರಳು ಸೊಟ್ಟಗಾಗಿದ್ದರಿಂದ ಬೇರೆ ಕೆಲಸ ಬೇಕಿತ್ತು. ನಾನು ಮೂಲೆಯ ಸ್ಟೂಲ್ ತೋರಿಸಿದೆ. ಅವರು ಸ್ವೆಟರ್ ನೋಡಿದರು, ಸ್ಟೂಲ್ ಎಳೆದುಕೊಂಡರು.

ಅಂದಿನ ಪಾಲು ರಾಷ್ಟ್ರಪತಿಗಳ ಅಧಿಕಾರ ಮತ್ತು ಕರ್ತವ್ಯಗಳ ಅಧ್ಯಾಯ. ಹಿಂದಿನ ದಿನವೇ ಒಬ್ಬಳೇ ನೋಡಿ ಮುಗಿಸಿದ್ದೆ. ಈಗಿನ ಓದು ಬರೀ ಸಹಿಗಾಗಿ ಅಂದುಕೊಂಡಿದ್ದೆ. ಅತ್ತೆ ಮೇಜು ಕುಟ್ಟಲಿಲ್ಲ; ಪೂರ್ಣವಿರಾಮಕ್ಕೆ ಚುಕ್ಕಿ, ಅಲ್ಪವಿರಾಮಕ್ಕೆ ಕೊಕ್ಕೆ ಅಂದರು.

“ಮಂತ್ರಿಮಂಡಲದ ಸಲಹೆಯಂತೆ ನಡೆದುಕೊಳ್ಳತಕ್ಕದ್ದು, ಚುಕ್ಕಿ.” ಅತ್ತೆ ಕನ್ನಡಕ ಏರಿಸಿದರು. “ಕ್ಷಮಾದಾನಕ್ಕೂ ಮಂತ್ರಿಗಳ್ನ ಕೇಳ್ಬೇಕಂತೆ. ಪಾಪ ಕಣೇ, ಇವರಿಗಿಂತ ನಮ್ಮ ಮ್ಯಾನೇಜರ್ರೇ ವಾಸಿ. ಯಾರನ್ನೂ ಕೇಳಲ್ಲ.”

ನನಗೆ ನಗು ಬರಲಿಲ್ಲ. “ಮುಂದಕ್ಕೆ ಓದಿ” ಅಂದೆ.

“ರಾಷ್ಟ್ರಪತಿಗಳು ಮರಣ ಹೊಂದಿದಲ್ಲಿ, ಕೊಕ್ಕೆ, ಉಪರಾಷ್ಟ್ರಪತಿಗಳು ಆ ಸ್ಥಾನದ ಎಲ್ಲ ಅಧಿಕಾರಗಳನ್ನೂ ಕರ್ತವ್ಯಗಳನ್ನೂ ವಹಿಸಿಕೊಳ್ಳತಕ್ಕದ್ದು, ಚುಕ್ಕಿ. ಆರು ತಿಂಗಳೊಳಗೆ ಹೊಸಬರನ್ನು ಆರಿಸತಕ್ಕದ್ದು, ಚುಕ್ಕಿ.”

ನನ್ನ ಪೆನ್ಸಿಲ್ ನಿಂತಿತು. ಹಾಳೆಯಲ್ಲಿ ಆ ಕೊನೆಯ ವಾಕ್ಯವೇ ಇರಲಿಲ್ಲ.

“ಯಾಕೆ, ತಪ್ಪು ಓದಿದ್ನಾ?”

“ಇಲ್ಲ ಅತ್ತೆ. ಅಚ್ಚಿನಲ್ಲಿ ಬಿಟ್ಟುಹೋಗಿದೆ. ನಿನ್ನೆ ನನಗೆ ಕಾಣಲೇ ಇಲ್ಲ.”

ಹಿಂದಿನ ಮುದ್ರಣದಲ್ಲಿ ಈ ಪುಟವನ್ನು ಓದಿದ್ದು ಅವನೇ. ನಿನ್ನೆ ಈ ಜಾಗಕ್ಕೆ ಬಂದಾಗ ನನ್ನ ತಲೆಯೊಳಗೆ ಅವನ ದನಿ ವಾಕ್ಯವನ್ನು ಪೂರ್ತಿ ಹೇಳಿ, ಎರಡು ಸಲ ಕುಟ್ಟಿತ್ತು. ನಾನು ಹಾಳೆ ತಿರುಗಿಸಿದ್ದೆ.

“ಯಾರಿಗಾದ್ರೂ ಆಗತ್ತೆ ಬಿಡು,” ಅತ್ತೆ ಸೊಂಟ ಹಿಡಿದು ಸ್ಟೂಲಿನ ಮೇಲೆ ಮಗ್ಗುಲು ಬದಲಿಸಿದರು. “ನಾನೊಂದ್ಸಲ ಹದಿನಾರು ಪುಟ ತಲೆಕೆಳಗಾಗಿ ಹೊಲಿದಿದ್ದೆ. ಒಂದಲ್ಲ, ನೂರು ಪ್ರತಿ! ಕೊಂಡವರು ಒಬ್ಬರೂ ದೂರಲಿಲ್ಲ. ಓದಿದ್ರೆ ತಾನೇ?”

ಅಂಚಿನಲ್ಲಿ ವಾಕ್ಯವನ್ನು ಬರೆದು ಸೇರಿಸಿದೆ. ಆಮೇಲೆ ಎದ್ದು ಕುರ್ಚಿಯಿಂದ ಸ್ವೆಟರ್ ತೆಗೆದೆ.

“ಇಲ್ಲಿ ಕೂತ್ಕೊಳ್ಳಿ ಅತ್ತೆ. ಮೊದಲಿನಿಂದ ಓದೋಣ.”

ಕುರ್ಚಿ ಕಿರುಗುಟ್ಟಿತು. ಅತ್ತೆ ಮೊದಲ ಪುಟ ತೆರೆದರು. ಸ್ವೆಟರ್ ತೊಡೆಯ ಮೇಲಿಟ್ಟುಕೊಂಡು ಪೆನ್ಸಿಲ್ ಹಿಡಿದೆ.