ಬೆಳಗಿನ ಅರ್ಧ ಗುಳಿಗೆ

ಸಂಕ್ರಾಂತಿಯ ಎಳ್ಳುಬೆಲ್ಲ ಇನ್ನೂ ಡಬ್ಬಿಯಲ್ಲಿರುವಾಗಲೇ ಕೊರೋನಾದ ಮೂರನೇ ಅಲೆ ದಾಂಡೇಲಿಗೆ ಬಂತು. ಸಾತಪ್ಪನ ಮನೆಗೆ ಅದಕ್ಕಿಂತ ಮೊದಲೇ ಜಗಳ ಬಂದಿತ್ತು.

ಸಾತಪ್ಪ ಕಾಗದ ಕಾರ್ಖಾನೆಗೆ ಬರುವ ಕಟ್ಟಿಗೆ ಲಾರಿ ಇಳಿಸುವ ಕೆಲಸದವನು. ಅವನ ಅಪ್ಪ ಬೆಳಗಾವಿ ಕಡೆಯಿಂದ ದುಡಿಯಲು ಬಂದು ಇಲ್ಲೇ ನಿಂತವನು. ಕಾರ್ಖಾನೆಯ ಹಿಂದಿನ ಓಣಿಯಲ್ಲಿ ಎರಡು ಖೋಲಿಯ ಮನೆ. ಮನೆಯಲ್ಲಿ ಹೆಂಡತಿ ದಾನೇಶ್ವರಿ, ನಾಲ್ಕನೇ ತರಗತಿಯ ಮಗಳು ರೂಪಾಲಿ, ದಮ್ಮಿನಿಂದ ಏದುಸಿರು ಬಿಡುವ ತಾಯಿ ಶಂಕ್ರೆವ್ವ. ಇಷ್ಟು ಜನಕ್ಕೆ ಇರುವುದು ಒಂದೇ ಕಿಟಕಿ.

ಜಗಳ ಶಾಲೆಯದು. ಮುಚ್ಚಬೇಕೋ, ತೆರೆದಿರಬೇಕೋ? ಬೆಳಗಿನ ಚಹಾದ ಜೊತೆ ಶುರುವಾದರೆ ಸಾತಪ್ಪ ಪಾಳಿಗೆ ಹೋಗುವವರೆಗೂ ಮುಗಿಯುತ್ತಿರಲಿಲ್ಲ.

"ಸಾಲಿ ಬಂದ್ ಆಗಬೇಕು ಅಂದ್ರ ಆಗಬೇಕು. ಹುಡುಗೂರು ಅಲ್ಲಿಂದ ಜಡ್ಡು ಹೊತ್ಕೊಂಡು ಮನಿಗಿ ಬರ್ತಾವು. ಮನ್ಯಾಗ ನಮ್ಮವ್ವ ಅದಾಳ, ನೆನಪೈತೇನು?" ಎನ್ನುತ್ತಿದ್ದ ಸಾತಪ್ಪ.

"ಬಂದ್ ಮಾಡಿ ಮಾಡಿನ ಹಿಂಗಾಗೇತ್ರಿ. ನಿಮ್ಮ ಮಗಳು ನಾಕನೇ ಇಯತ್ತೆ. ಆ ಕ್ಯಾಲೆಂಡರ್ ಮ್ಯಾಲಿಂದ ಒಂದ ಸಾಲ ಓದಸ್ರಿ ನೋಡೂಣು!" ಎನ್ನುತ್ತಿದ್ದಳು ದಾನೇಶ್ವರಿ.

ದಾನೇಶ್ವರಿಯ ಸಿಟ್ಟಿಗೆ ಕಾರಣವಿತ್ತು. ರೂಪಾಲಿಯ ಎರಡನೇ ತರಗತಿ, ಮೂರನೇ ತರಗತಿ ಹೆಚ್ಚುಕಡಿಮೆ ಮನೆಯಲ್ಲೇ ಕಳೆದುಹೋಗಿದ್ದವು. ಪಾಠ ಬರುವುದು ಫೋನಿಗೆ, ಫೋನು ಇರುವುದು ಸಾತಪ್ಪನ ಕಿಸೆಯಲ್ಲಿ, ಸಾತಪ್ಪ ಇರುವುದು ಲಾರಿಯ ಮೇಲೆ. ಅವನು ಮನೆಗೆ ಬಂದ ಮೇಲೆ ದಾನೇಶ್ವರಿಯೇ ಗಡಿಬಿಡಿಯಲ್ಲಿ ಮಗಳ ಮನೆಪಾಠ ಬರೆದು ಫೋಟೋ ಕಳಿಸುತ್ತಿದ್ದಳು. ಆ ಕಡೆಯಿಂದ ಟೀಚರು "ಶಭಾಷ್ ರೂಪಾಲಿ" ಎಂದು ಕಳಿಸುತ್ತಿದ್ದರು. ಎರಡು ವರ್ಷದ ಶಭಾಷ್‌ಗಿರಿಯೆಲ್ಲ ಏಳನೇ ತರಗತಿ ಓದಿದ ತಾಯಿಗೇ ಸಂದದ್ದು. ಶಾಲೆ ತೆರೆದು ಟೀಚರು ಓದಲು ಹೇಳಿದ ದಿನ ರೂಪಾಲಿ ತಲೆ ತಗ್ಗಿಸಿ ನಿಂತುಬಿಟ್ಟಳು. ಇತ್ತೀಚೆಗೆ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದತೊಡಗಿದ್ದಳು. ಇನ್ನೊಂದು ಸಲ ಬೀಗ ಬಿದ್ದರೆ ಅದೂ ಅಳಿಸಿಹೋಗುತ್ತದೆ ಎಂಬ ಹೆದರಿಕೆ ದಾನೇಶ್ವರಿಗೆ.

ಶನಿವಾರ ಹೆಡ್ ಮಾಸ್ತರ್ ಶರಣಬಸವ ಪಾಲಕರ ಸಭೆ ಕರೆದರು. ಅಂಗಳದಲ್ಲಿ ಕುಳಿತ ಐದು ನಿಮಿಷಕ್ಕೇ ಓಣಿ ಎರಡು ಪಾಲಾಯಿತು.

"ನಮ್ಮ ಹುಡುಗೂರಿಗಿ ಏನರ ಆದ್ರ ನೀವು ಜವಾಬ್ದಾರಿ ಅಂತ ಸಹಿ ಮಾಡಿ ಕೊಡ್ತೀರೇನ್ರಿ ಮಾಸ್ತರ್?" ಎಂದು ಸಾತಪ್ಪ ಎದ್ದು ನಿಂತ.

"ಸಹಿ ಮಾಡಿ ಕೊಡಾಕ ನಾ ಏನ್ ದೇವ್ರೇನ್ರಿ?" ಎಂದರು ಶರಣಬಸವ.

ಹೆಂಗಸರ ಸಾಲಿನಿಂದ ದಾನೇಶ್ವರಿಯೂ ಎದ್ದಳು. "ಅವ್ರ ಮಾತ ಕೇಳಬ್ಯಾಡ್ರಿ ಸರ್. ಸಾಲಿ ಬಂದ್ ಆದ್ರ ಹುಡುಗೂರು ಮನ್ಯಾಗ ಕೂಡ್ತಾವೇನು? ದಿನಾ ಬಜಾರದಾಗ ತಿರಗತಾವು, ಮದಿವ್ಯಾಗ ಉಣ್ತಾವು. ಅಲ್ಲಿ ಬರದ ಜಡ್ಡು ಸಾಲ್ಯಾಗಷ್ಟ ಬರ್ತೈತೇನ್ರಿ?"

'ಅವ್ರು' ಯಾರೆಂದು ಓಣಿಗೆಲ್ಲ ಗೊತ್ತಿತ್ತು. ಜನ ಗೊಳ್ಳೆಂದು ನಕ್ಕರು. ಸಾತಪ್ಪನ ಮುಖ ಕೆಂಪಾಯಿತು.

ಶರಣಬಸವ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. "ನೋಡ್ರಿ, ಸದ್ಯಕ್ಕ ಸಾಲಿ ನಡೀತೈತಿ. ಬಾಗಲಾ, ಕಿಡಕಿ ತಗದಿರ್ತೇವಿ. ಗೇಟಿನ್ಯಾಗ ದಿನಾ ಜ್ವರ ನೋಡ್ತೇವಿ. ಜ್ವರ, ಕೆಮ್ಮು, ನೆಗಡಿ ಇದ್ದ ಹುಡುಗೂರನ್ನ ಮಾತ್ರ ಕಳಸಬ್ಯಾಡ್ರಿ. ನಿಮ್ಮ ಕಡಿಂದ ನನಗ ಬೇಕಾದದ್ದು ಇಷ್ಟ. ಜಡ್ಡು ಹಬ್ಬಿದ್ರ ಮತ್ತ ವಾರಗಟ್ಲೆ ಬಂದ್ ಮಾಡಬೇಕಾಗ್ತೈತಿ."

ಇದರಲ್ಲಿ ದಾನೇಶ್ವರಿಗೆ ಕೇಳಿಸಿದ್ದು 'ನಡೀತೈತಿ' ಎಂಬ ಮಾತು. ಸಾತಪ್ಪನಿಗೆ ಕೇಳಿಸಿದ್ದು 'ಬಂದ್' ಎಂಬ ಮಾತು. ನಡುವೆ ಮಾಸ್ತರರು ಕೇಳಿಕೊಂಡದ್ದು ಇಬ್ಬರ ಕಿವಿಗೂ ಬೀಳಲಿಲ್ಲ.

ಸೋಮವಾರ ಬೆಳಿಗ್ಗೆ ರೂಪಾಲಿಯ ಮೈ ಬೆಚ್ಚಗಿತ್ತು. "ಅವ್ವಾ, ಗಂಟಲಾ ಕೆರೀತೈತಿ," ಎಂದಳು. ಸಾತಪ್ಪ ಹಿತ್ತಲಲ್ಲಿ ಸ್ನಾನ ಮಾಡುತ್ತಿದ್ದ. ಮಗಳನ್ನು ಮನೆಯಲ್ಲಿ ಇಟ್ಟುಕೊಂಡರೆ ಅವನು "ನಾ ಹೇಳಿದ್ದಿಲ್ಲೇನು?" ಎನ್ನುತ್ತಾನೆ. ಆ ಮಾತು ದಾನೇಶ್ವರಿಗೆ ಆಗಲೇ ಕೇಳಿಸಿದಂತಾಯಿತು. ಗೋಡೆಯ ಮಾಡದಲ್ಲಿ ಅತ್ತೆಯ ಜ್ವರದ ಗುಳಿಗೆಗಳಿದ್ದವು. ಒಂದನ್ನು ಮುರಿದು ಅರ್ಧ ಗುಳಿಗೆಯನ್ನು ಚಹಾದ ಜೊತೆ ನುಂಗಿಸಿದಳು.

"ನೆಗಡಿ ಅಷ್ಟ, ಮಧ್ಯಾಹ್ನದೊಳಗ ಹೋಗ್ತೈತಿ. ಅಪ್ಪಗ ಹೇಳಬ್ಯಾಡ," ಎಂದಳು.

ಗೇಟಿನಲ್ಲಿ ಟೀಚರು ರೂಪಾಲಿಯ ಹಣೆಗೆ ಜ್ವರ ನೋಡುವ ಮಷೀನು ಹಿಡಿದು ಒಳಗೆ ಬಿಟ್ಟರು. ದೂರದಿಂದ ನೋಡುತ್ತಿದ್ದ ದಾನೇಶ್ವರಿಗೆ ತಾನು ಗೆದ್ದೆ ಅನ್ನಿಸಿತು. ಯಾರನ್ನು ಗೆದ್ದಳೋ ಅವಳಿಗೇ ಗೊತ್ತಿರಲಿಲ್ಲ. ಮಂಗಳವಾರವೂ ಅರ್ಧ ಗುಳಿಗೆ, ಬುಧವಾರವೂ ಅರ್ಧ ಗುಳಿಗೆ.

ಗುಳಿಗೆಯ ಬಲ ಮಧ್ಯಾಹ್ನದವರೆಗೆ ಮಾತ್ರ. ಬುಧವಾರ ಬಿಸಿಯೂಟಕ್ಕೆ ಕುಳಿತ ರೂಪಾಲಿ ಅನ್ನ ಮುಟ್ಟದೆ ಪಕ್ಕದ ಹುಡುಗಿಯ ಹೆಗಲಿಗೆ ಒರಗಿದಳು. ಟೀಚರು ಮುಟ್ಟಿ ನೋಡಿದರೆ ಮೈ ಸುಡುತ್ತಿತ್ತು. ಮರುದಿನ ಆರೋಗ್ಯ ಇಲಾಖೆಯವರು ಬಂದು ಮಕ್ಕಳ ಮೂಗಿಗೆ ಕಡ್ಡಿ ಹಾಕಿ ಪರೀಕ್ಷೆ ಮಾಡಿದರು. ರೂಪಾಲಿಯ ತರಗತಿಯೊಂದರಲ್ಲೇ ಅವಳೂ ಸೇರಿ ಏಳು ಮಕ್ಕಳಿಗೆ ಕೊರೋನಾ. ಶಾಲೆಗೆ ಬೀಗ ಬಿತ್ತು.

"ನಾ ಹೇಳಿದ್ದಿಲ್ಲೇನು?" ಎಂದ ಸಾತಪ್ಪ. ಮನೆಯಲ್ಲಿ ಹೇಳಿದ, ನಳದ ಹತ್ತಿರ ಹೇಳಿದ, ಕಿರಾಣಿ ಅಂಗಡಿಯ ಮುಂದೂ ಹೇಳಿದ. ಎರಡು ದಿನ ಹೇಳುತ್ತಲೇ ಇದ್ದ. ಮೂರನೇ ದಿನ ಶಂಕ್ರೆವ್ವನಿಗೆ ಉಸಿರು ಹಿಡಿಯಿತು. ತಾಯಿಯನ್ನು ಆಟೋದಲ್ಲಿ ಕೂಡಿಸಿಕೊಂಡು ಸರಕಾರಿ ದವಾಖಾನೆಗೆ ಓಡಿದ. ಅಲ್ಲಿ ಅವಳಿಗೂ ಕೊರೋನಾ ಎಂದು ಹೇಳಿ ಮೂಗಿಗೆ ಆಕ್ಸಿಜನ್ ನಳಿಕೆ ಹಾಕಿದರು.

ಮರುದಿನ ಬೆಳಿಗ್ಗೆ ಓಣಿಯ ಆಶಾ ಕಾರ್ಯಕರ್ತೆ ಸುಶೀಲವ್ವ ಬಂದಳು. ಮಾಸ್ಕು ಹಾಕಿಕೊಂಡು ಬಾಗಿಲ ಹೊರಗೇ ನಿಂತು ಪುಸ್ತಕ ತೆಗೆದಳು.

"ಹುಡುಗಿಗಿ ಜ್ವರ ಯಾವತ್ತಿಂದ?"

"ಬುಧವಾರದಿಂದ್ರಿ ಅಕ್ಕಾ," ಎಂದಳು ದಾನೇಶ್ವರಿ.

"ಇಲ್ಲವ್ವಾ, ಸೋಮಾರದಿಂದ. ನೀ ಗುಳಿಗಿ ಕೊಟ್ಟಿದ್ದಿಯಲ್ಲ?" ಎಂದಳು ಒಳಗಿನಿಂದ ರೂಪಾಲಿ.

ಸುಶೀಲವ್ವ ಪೆನ್ನು ಕೆಳಗಿಳಿಸಿ ಕಟ್ಟೆಯ ಮೇಲೆ ಕುಸಿದು ಕುಳಿತಳು. "ನೀನೂ ಹಿಂಗ ಮಾಡೀಯೇನ? ಇದು ನಾಕನೇ ಮನಿ, ದಾನೇಶ್ವರಿ! ಒಬ್ಬಾಕಿ ಚಾದಾಗ ಕೊಟ್ಟಾಳ, ಒಬ್ಬಾಕಿ ಬೆಲ್ಲದಾಗ ಕೊಟ್ಟಾಳ. ಮನಿಮನಿ ತಿರಗಿ ನನ್ನ ಚಪ್ಪಲಿ ಸವದು ಹೋದ್ವು. ನೀವು ಹಿಂಗ ಮಾಡಿದ್ರ ನಾ ಯಾವ ಗ್ವಾಡಿಗಿ ತಲಿ ಜಜ್ಜಿಕೊಳ್ಳಲಿ?"

"ಮಷೀನ್ಯಾಗ ಏನೂ ಬರಲಿಲ್ರಿ, ಅಕ್ಕಾ. ಜ್ವರಾ ಇಳದಿತ್ತು…"

"ಗುಳಿಗಿ ಜ್ವರಾ ಇಳಸ್ತೈತಿ, ಜಡ್ಡು ಇಳಸೂದಿಲ್ಲ. ಮಷೀನು ಮೈ ಬಿಸಿ ಅಷ್ಟ ನೋಡ್ತೈತಿ. ಮೈ ತಣ್ಣಗಿದ್ರೂ ಉಸಿರಿನ್ಯಾಗ ಜಡ್ಡು ಇರ್ತೈತಿ. ಜ್ವರ ಬಂದ ಕೂಸಿಗಿ ಡಾಕ್ಟರ್‌ನ ಕೇಳಿ ಗುಳಿಗಿ ಕೊಡು, ಮನ್ಯಾಗ ಮಲಗಿಸು. ಗುಳಿಗಿ ನುಂಗಿಸಿ ಸಾಲಿಗಿ ಕಳಸೂದಂದ್ರ ಏನು?"

ದಾನೇಶ್ವರಿಯ ದನಿ ಇಳಿಯಿತು. "ಅತ್ತಿಗಿ ನನ್ನಿಂದನ ಬಂತೇನಕ್ಕಾ?"

ಸುಶೀಲವ್ವ ಪುಸ್ತಕ ಮುಚ್ಚಿದಳು. "ಯಾರಿಂದ ಯಾರಿಗಿ ಬಂತು ಅಂತ ಹೇಳಾಕ ನನಗ ಬರೂದಿಲ್ಲ. ಓಣಿತುಂಬ ಐತಿ ಅದು. ಖರೆ, ಮೂರ ದಿನಾ ನಿನ್ನ ಮಗಳು ಆ ಹುಡುಗೂರ ನಡುವ ಕೂತಿದ್ಲು. ಸಾಲಿ ತಗದಿರಲಿ ಅಂತ ನೀ ಗುಳಿಗಿ ಕೊಟ್ಟಿ. ನಿಮ್ಮಂಥಾವ್ರ ಗುಳಿಗಿನ ಸಾಲಿ ಬಂದ್ ಮಾಡಿಸ್ತು."

ಅಷ್ಟರಲ್ಲಿ ತಾಯಿಯ ಬಟ್ಟೆ ಒಯ್ಯಲು ಸಾತಪ್ಪ ಬಂದ. ಗುಳಿಗೆಯ ಮಾತು ಅವನ ಕಿವಿಗೂ ಬಿದ್ದಿತ್ತು. ಹೆಂಡತಿಯ ಮೇಲೆ ಕೂಗಾಡಲು ಬಾಯಿ ತೆಗೆದ.

"ನೀ ಸುಮ್ಮನಿರಪಾ ಸಾತಪ್ಪಣ್ಣ," ಎಂದು ಸುಶೀಲವ್ವ ಅವನ ಕಡೆ ತಿರುಗಿದಳು. "ನಿಮ್ಮವ್ವಗ ಲಸಿಕಿ ಹಾಕಸು ಅಂತ ನಿನ್ನ ಮನಿಗಿ ಎಷ್ಟ ಸಲ ಬಂದೇನಿ?"

"ದಮ್ಮು ಇದ್ದಾವ್ರಿಗಿ ಅದು ಆಗಿಬರೂದಿಲ್ಲಂತ, ಅಕ್ಕಾ."

"ಯಾರ ಹೇಳಿದ್ರು?"

"ಲಾರಿ ಇಳಸೂ ಮಂದಿ…"

"ಲಾರಿ ಇಳಸೂ ಮಂದಿ ಡಾಕ್ಟರ್ ಆದದ್ದ ಯಾವಾಗೋ ಮಾರಾಯಾ? ದಮ್ಮು ಇದ್ದಾವ್ರಿಗೇ ಮೊದಲ ಬೇಕು ಅದು! ಅವ್ವನ ಸಲುವಾಗಿ ಸಾಲಿ ಬಂದ್ ಮಾಡ್ರಿ ಅಂತ ಊರತುಂಬ ಒದರ್ತಿ. ಅವ್ವನ ಕೈ ಹಿಡದು ನಾಕ ಹೆಜ್ಜಿ ಲಸಿಕಿ ಹಾಕೂ ಕಡೆ ಕರಕೊಂಡು ಹೋಗಾಕ ಆಗಲಿಲ್ಲ ನಿನಗ!"

ಸುಶೀಲವ್ವನ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಈಗ ಅಡಿವೆಯ್ಯನ ಟ್ಯೂಶನ್ ಖೋಲಿ ಮುಂದ ಹಾದು ಬಂದೆ. ಬಂದ್ ಮಾಡ್ರಿ, ಬಂದ್ ಮಾಡ್ರಿ ಅಂತಿದ್ರಲ್ಲ ನಿಮ್ಮ ಪಾರ್ಟಿ ಮಂದಿ, ಅವ್ರ ಇಪ್ಪತ್ತ ಹುಡುಗೂರು ಅಲ್ಲಿ ಒತ್ತೊತ್ತಾಗಿ ಕೂತಾವು. ಲಾರಿ ಧೂಳಾ ಬರ್ತೈತಿ ಅಂತ ಬಾಗಲಾ ಹಾಕ್ಯಾರ. ಸಾಲಿ ಮುಚ್ಚಿಸಿ ಹುಡುಗೂರನ್ನ ಡಬ್ಬಿಯೊಳಗ ತುಂಬಿದ್ರ ಏನ್ ಬಂತು? ಕಲಸೂದಿದ್ರ ಅಂಗಳದಾಗ ಕೂಡಿಸಿ ಕಲಸ್ರಿ ಅಂತ ಬೈದು ಬಂದೇನಿ." ಅವಳು ಎದ್ದು ಸೀರೆ ಕೊಡವಿಕೊಂಡಳು. "ಇಬ್ರೂ ಜಗಳಾ ಆಡಾಕ ಭಾಳ ಶ್ಯಾಣ್ಯಾರದೀರಿ. ಮಾಡೂ ಕೆಲಸ ಮಾತ್ರ ಇಬ್ರೂ ಮಾಡಲಿಲ್ಲ."

ಶಂಕ್ರೆವ್ವ ನಾಲ್ಕು ದಿನ ದವಾಖಾನೆಯಲ್ಲಿದ್ದಳು. ಆ ನಾಲ್ಕು ದಿನ ಪಕ್ಕದ ಮನೆಯ ಫೋನು ಸದ್ದು ಮಾಡಿದರೂ ದಾನೇಶ್ವರಿ ಬಾಗಿಲಿಗೆ ಓಡಿ ಬರುತ್ತಿದ್ದಳು. ದೇವರ ದಯೆ, ಡಾಕ್ಟರ ಶ್ರಮ, ಮುದುಕಿ ನಡೆದುಕೊಂಡೇ ಮನೆಗೆ ಬಂದಳು. ದಾನೇಶ್ವರಿ ಬಿಸಿನೀರು ಕೊಡುತ್ತ ಗುಳಿಗೆಯ ವಿಷಯ ಹೇಳಿ ಅತ್ತುಬಿಟ್ಟಳು. "ಅಳಬ್ಯಾಡವಾ, ಮೊದಲ ಆ ಕಿಡಕಿ ತಗಿ," ಎಂದಳು ಶಂಕ್ರೆವ್ವ.

ಶಾಲೆ ಮತ್ತೆ ತೆರೆಯುವ ಮೊದಲು ಇನ್ನೊಂದು ಸಭೆ ಸೇರಿತು. ಜನ ಕುಳಿತರೋ ಇಲ್ಲವೋ, ಹಳೆಯ ಜಗಳವೇ ಮತ್ತೆ. ತೆಗೀರಿ, ಮುಚ್ಚಿರಿ! ಹೆಡ್ ಮಾಸ್ತರ್ ತಲೆಯ ಮೇಲೆ ಕೈಹೊತ್ತು ಕುಳಿತರು. ದಾನೇಶ್ವರಿ ಎದ್ದಳು.

"ಸರ್, ಜಡ್ಡು ಬಂದ ಮಗಳಿಗಿ ನಾ ಮೂರ ದಿನಾ ಗುಳಿಗಿ ಕೊಟ್ಟು ಸಾಲಿಗಿ ಕಳಿಸಿದ್ನಿರಿ. ಮಷೀನಿಗಿ ಸಿಗಬಾರದಂತ ಕೊಟ್ಟಿದ್ದೆ. ತಪ್ಪಾತು."

ಹಿಂದಿನ ಸಾಲಿನಿಂದ ಒಬ್ಬಳು ಮೆಲ್ಲಗೆ, "ನಾನೂ ಕೊಟ್ಟಿದ್ನಿರಿ," ಎಂದಳು. ಆಮೇಲೆ ಇನ್ನೊಬ್ಬಳು. ಆಮೇಲೆ ಮೀಸೆಯ ಗಂಡಸೊಬ್ಬ.

ಶರಣಬಸವ ಕನ್ನಡಕ ತೆಗೆದು ಅವರನ್ನೆಲ್ಲ ನೋಡಿದರು. "ಹಂಗಾರ ಗೇಟಿನ್ಯಾಗ ದಿನಾ ಅರ್ಧಾ ತಾಸು ನಿಂತು ನಾವು ನೋಡಿದ್ದರ ಏನ್ರೀ?" ಎಂದರು. ಬೈಯಬೇಕೋ ನಗಬೇಕೋ ಅವರಿಗೆ ತಿಳಿಯಲಿಲ್ಲ. ಕೊನೆಗೆ, "ಜ್ವರ ಬಂದ ಕೂಸು ಮನ್ಯಾಗಿರಲಿ. ತಪ್ಪಿದ ಪಾಠ ನಾವ ಕೂಡಿಸ್ಕೊಂಡು ಹೇಳಿಕೊಡ್ತೇವಿ. ಆದ್ರ ಖರೆ ಹೇಳ್ರಿ. ನಿಮ್ಮ ಕಾಲಿಗಿ ಬೀಳ್ತೇನಿ, ಖರೆ ಹೇಳ್ರಿ," ಎಂದರು.

ಸಾತಪ್ಪನೂ ಎದ್ದ. "ಸಾಲಿ ಬಂದ್ ಇರಬೇಕಿತ್ತು ಅಂತ ನಾ ಈಗೂ ಅಂತೇನ್ರಿ. ಆದ್ರ ನಮ್ಮವ್ವಗ ಲಸಿಕಿ ಹಾಕಸಲಿಲ್ಲ, ಅದು ನನ್ನ ತಪ್ಪು. ಈಗ ಜಡ್ಡು ಬಂದು ಹೋಗೇತಿ, ಮೂರ ತಿಂಗಳಾದ ಮ್ಯಾಲ ಹಾಕಸು ಅಂದಾರ ಡಾಕ್ಟರು. ನಾನ ಕರಕೊಂಡ ಹೋಗ್ತೇನಿ. ನಿಮ್ಮ ಮನಿ ಹಿರ್ಯಾರನ್ನ ನೀವು ಇವತ್ತ ಕರಕೊಂಡ ಹೋಗ್ರಿ."

ಶಾಲೆ ತೆರೆಯಿತು. ಹದಿನೈದು ದಿನ ಕಳೆದವು. ಒಂದು ಬೆಳಿಗ್ಗೆ ರೂಪಾಲಿ ಸೀನುತ್ತಲೇ ಎದ್ದಳು. ಹಣೆ ತುಸು ಬಿಸಿ. ಅವತ್ತು ಟೀಚರು ಅವಳನ್ನು ಮುಂದೆ ನಿಲ್ಲಿಸಿ ಪಾಠ ಓದಿಸುತ್ತೇನೆ ಎಂದಿದ್ದರು. ಹುಡುಗಿ ಪಾಟಿಚೀಲ ಹೆಗಲಿಗೇರಿಸಿ ತಾಯಿಯ ಮುಂದೆ ಬಂದು ಅಂಗೈ ಚಾಚಿದಳು.

"ಅವ್ವಾ, ಅರ್ಧಾ ಗುಳಿಗಿ ಕೊಡು. ಟೀಚರಿಗಿ ಗೊತ್ತಾಗೂದಿಲ್ಲ."

ದಾನೇಶ್ವರಿ ಆ ಪುಟ್ಟ ಅಂಗೈಯನ್ನು ನೋಡಿದಳು. ಎರಡು ವರ್ಷ ಓದು ಕಲಿಯದ ಮಗಳು ಇದನ್ನು ಮೂರೇ ದಿನದಲ್ಲಿ ತನ್ನಿಂದ ಕಲಿತಿದ್ದಳು. ನಾಚಿಕೆಯಿಂದ ಅವಳ ಕಣ್ಣು ತುಂಬಿದವು. ಮಗಳ ಹೆಗಲಿನ ಚೀಲ ಇಳಿಸಿ, "ಇವತ್ತ ಸಾಲಿ ಬ್ಯಾಡ ನನ್ನವ್ವ. ನಾ ಅವತ್ತ ಮಾಡಿದ್ದು ತಪ್ಪು," ಎಂದು ಎದೆಗೊತ್ತಿಕೊಂಡಳು. ಸಾತಪ್ಪ ಅಂಗಿ ತೊಟ್ಟು ಟೀಚರಿಗೆ ವಿಷಯ ಹೇಳಿ ಬರಲು ಹೊರಟ. ಈ ಸಲ ಅವನೂ "ನಾ ಹೇಳಿದ್ದಿಲ್ಲೇನು" ಎನ್ನಲಿಲ್ಲ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಈ ಜಗಳ ನಡೆದಿರಬಹುದು. ಶಾಲೆ ತೆರೆದಿರಲಿ ಎನ್ನುವವರೂ ಮಕ್ಕಳ ಒಳ್ಳೆಯದಕ್ಕೇ ಹೇಳುತ್ತಾರೆ, ಮುಚ್ಚಲಿ ಎನ್ನುವವರೂ ಅದಕ್ಕೇ ಹೇಳುತ್ತಾರೆ. ಬೇಕಾದಷ್ಟು ವಾದ ಮಾಡಿ, ಯಾರೂ ಬೇಡವೆನ್ನುವುದಿಲ್ಲ. ಆದರೆ ಜ್ವರ ಬಂದ ಮಗುವನ್ನು ಮನೆಯಲ್ಲಿ ಮಲಗಿಸಿ, ಕಿಟಕಿ ತೆರೆದಿಟ್ಟು, ಹಿರಿಯರಿಗೆ ಲಸಿಕೆ ಹಾಕಿಸಿ ಆಮೇಲೆ ವಾದ ಮಾಡಿ. ಜ್ವರವನ್ನು ಗುಳಿಗೆಯಿಂದ ಮುಚ್ಚಿಡಬೇಡಿ. ನಿಮ್ಮ ಓಣಿಯ ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದು "ಜ್ವರ ಯಾವತ್ತಿಂದ?" ಎಂದು ಕೇಳಿದರೆ ಇದ್ದದ್ದನ್ನು ಇದ್ದಹಾಗೆ ಹೇಳಿ. ನೀವು ಹೇಳುವುದನ್ನು ನಿಮ್ಮ ಮಗುವೂ ಒಳಗಿನಿಂದ ಕೇಳಿಸಿಕೊಳ್ಳುತ್ತಿರುತ್ತದೆ.