ಖಾಲಿ ಹೊಟ್ಟೆಗೆ ಒಂದು

ಉರಿ ಏಳುತ್ತಿದೆ, ಮೆಲ್ಲಗೆ, ಎದೆಗೂಡಿನ ನಡುವೆ ಬಂದು ನಿಂತಿದೆ, ನಿಲ್ಲಲಿ, ಇವತ್ತು ಮಾತ್ರೆ ಇಲ್ಲದ ದಿನ, ದಿನ ಬಿಟ್ಟು ದಿನ ಎಂದಿದ್ದಾರೆ ಡಾಕ್ಟರಮ್ಮ, ಒಮ್ಮೆಲೇ ಬಿಟ್ರೆ ಉರಿ ಎರಡರಷ್ಟಾಗಿ ತಿರುಗಿ ಬರತ್ತೆ, ನಿಧಾನಕ್ಕೆ ಇಳಿಸೋಣ — ಹೊಲಿಗೆ ಬಿಚ್ಚುವ ಹಾಗೇ ಅಲ್ಲವೆ, ಎಳೆದರೆ ಬಟ್ಟೆಯೇ ಹರಿಯುತ್ತದೆ, ಅದು ನನಗೆ ಗೊತ್ತಿರುವ ಕೆಲಸ, ಈ ಕೋಟಿನ ತೋಳನ್ನೂ ಹಾಗೇ ಬಿಚ್ಚುತ್ತಿದ್ದೇನೆ, ಮಿಷನ್ನಿನ ಪೆಡಲ್ ಎಷ್ಟು ಒತ್ತಿದೆನೋ ಕಾಲಿಗೆ ತಿಳಿಯಲಿಲ್ಲ, ಹೊಲಿಗೆ ಅಡ್ಡಾದಿಡ್ಡಿ ಓಡಿಬಿಟ್ಟಿತು. ಮಗಳು ಕಾಲೇಜು ಸೇರಿದ ವರ್ಷ ಶುರುವಾದ ಉರಿ, ಉಂಡ ಕೂಡಲೇ ಮಿಷನ್ ಮೇಲೆ ಬಗ್ಗುತ್ತಿದ್ದೆ, ಆಗಿನ ಡಾಕ್ಟರು ಹದಿನೈದು ದಿನಕ್ಕೆ ಬರೆದುಕೊಟ್ಟದ್ದು, ಖಾಲಿ ಹೊಟ್ಟೆಗೆ ಒಂದು, ಆಮೇಲೆ ಬಂದು ತೋರಿಸಿ — ಯಾರು ಹೋದರು, ಅಂಗಡಿಯಲ್ಲಿ ಕೇಳಿದರೆ ಕೊಡುತ್ತಿದ್ದರು, ಈಗ ಮಗಳಿಗೇ ಮಗುವಾಗಿದೆ, ಮಾತ್ರೆ ಮಾತ್ರ ನಿಂತಿರಲಿಲ್ಲ. ಯಾರ ಮೇಲೆ ಕಣೇ ಇಷ್ಟು ಹೊಟ್ಟೆಕಿಚ್ಚು, ಎಂದು ನಗುತ್ತಿದ್ದರು ಇವರು, ಬಸ್ ಓಡಿಸಿ ಬಂದು ಕಾಲು ಚಾಚಿಕೊಂಡು.

ಆ ದಿನ ಮಾತ್ರ ನಗಲಿಲ್ಲ. ಮಾರುಕಟ್ಟೆಯಿಂದ ಬಂದಿದ್ದೆ, ನಿನ್ನ ಇನ್ನೊಂದು ಚಪ್ಪಲಿ ಎಲ್ಲೇ, ನೋಡಿದರೆ ಎಡಗಾಲು ಬರಿಗಾಲು, ಹಿಮ್ಮಡಿಯಲ್ಲಿ ಗಾಜಿನ ಚೂರು, ಮೆಟ್ಟಿಲ ಮೇಲೆಲ್ಲ ರಕ್ತದ ಗುರುತು, ನನಗೆ ಏನೂ ಗೊತ್ತಾಗಿಲ್ಲ, ಇರುವೆ ಹರಿದಂತಾಗುತ್ತಿದ್ದ ಪಾದಕ್ಕೆ ಈಗ ಇರುವೆಯೂ ಇಲ್ಲ. ಏನೇನು ಮಾತ್ರೆ ತಗೋತೀರಿ ಎಂದು ಡಾಕ್ಟರಮ್ಮ, ಏನೂ ಇಲ್ಲ ಎಂದು ನಾನು, ಸುಳ್ಳಲ್ಲ, ಹಲ್ಲುಜ್ಜುವುದನ್ನು ಯಾರಾದರೂ ಹೇಳುತ್ತಾರೆಯೆ, ಕೊನೆಗೆ ಇವರೇ ಬಾಯಿಬಿಟ್ಟರು, ಎದೆಯುರಿ ಮಾತ್ರೆ ಒಂದಿದೆಯಲ್ಲ. ರಕ್ತ ಪರೀಕ್ಷೆಯಲ್ಲಿ ಬಿ ಹನ್ನೆರಡು ವಿಟಮಿನ್ ತಳ ಕಂಡಿತ್ತು. ಹೊಟ್ಟೆಯ ಹುಳಿ ಬರೀ ಸುಡೋಕಲ್ಲಮ್ಮ, ಊಟದಿಂದ ಆ ಸತ್ವ ಬಿಡಿಸಿಕೊಳ್ಳೋಕೂ ಬೇಕು, ಅದು ಕಮ್ಮಿಯಾದ್ರೆ ನರ ಸೊರಗಿ ಕಾಲು ಮರಗಟ್ಟತ್ತೆ, ಇಷ್ಟು ವರ್ಷ ಅದನ್ನ ಅದುಮಿಟ್ಟಿದ್ದೂ ಕಾರಣ ಇರಬಹುದು, ಹಾಗಂತ ಮಾತ್ರೆ ಕೆಟ್ಟದ್ದಲ್ಲ, ಕೆಲವರಿಗೆ ಬೇಕೇ ಬೇಕು, ಆದ್ರೆ ಒಬ್ಬರು ನೋಡ್ತಿರಬೇಕು. ನುಂಗುವಾಗ ಸಿಕ್ಕಿಕೊಳ್ಳತ್ತಾ, ಮಲ ಕಪ್ಪಗೆ ಹೋಗತ್ತಾ, ಇಲ್ಲ, ಇಲ್ಲ, ಕಾಲು ಸರಿಹೋಗತ್ತಾ ಡಾಕ್ಟ್ರೇ, ಅವರು ಪೆನ್ನು ಕೆಳಗಿಟ್ಟರು, ಇಂಜೆಕ್ಷನ್ ಕೊಡೋಣ, ನರಗಳು ನಿಧಾನ, ಎಷ್ಟು ವಾಪಸ್ ಬರತ್ತೋ ನೋಡೋಣ. ಎಷ್ಟು — ಕಾಲಿಲ್ಲದ ದರ್ಜಿ ಅರ್ಧ ದರ್ಜಿ.

ಈಗ ಇಂಜೆಕ್ಷನ್ ನಡೆಯುತ್ತಿದೆ, ಊಟ ಬೇಗ, ಮಂಚದ ತಲೆಕಡೆ ಎತ್ತರಕ್ಕೆ ಇಟ್ಟಿಗೆ, ಇಬ್ಬರೂ ಜಾರಿ ಜಾರಿ ಬೆಳಗಾಗುವಾಗ ಕಾಲಕಡೆ ಮುದ್ದೆಯಾಗಿರುತ್ತೇವೆ, ಆದರೂ ಉರಿ ಕಡಿಮೆಯೇ. ಬೆಳಿಗ್ಗೆ ನಾದಿನಿ ಬಂದಿದ್ದಳು, ಅತ್ತಿಗೆ, ನಿಮ್ಮ ಉರಿ ಮಾತ್ರೆ ಒಂದು ಕೊಡಿ, ಎಷ್ಟು ದಿನದಿಂದ ಉರೀತಿದೆ, ತಿಂಗಳಾಯ್ತು, ಹಾಗಾದ್ರೆ ಕೊಡಲ್ಲ ಕಣೇ, ನಾಳೆ ನಾನೇ ಬರ್ತೀನಿ, ತೋರಿಸೋಣ, ಒಂದು ಮಾತ್ರೆಗೆ ಇಷ್ಟು ಜಿಪುಣತನವಾ ಎಂದು ಮೂತಿ ತಿರುವಿದಳು, ತಿರುವಲಿ, ನಾಳೆ ಸರಿಯಾಗುತ್ತಾಳೆ. ಉರಿಯೂ ಇಳಿಯುತ್ತಿದೆ, ಒಂದು ಗುಟುಕು ನೀರು ಕುಡಿದರೆ — ನಿಲ್ಲೇ, ನೆಲ ಒರೆಸಿದೀನಿ, ಒದ್ದೆ ಇದೆ, ಚಪ್ಪಲಿ ಹಾಕ್ಕೋ, ಇವರು ಕೂಗುವಷ್ಟರಲ್ಲಿ ಎಡಗಾಲು ಇಟ್ಟಾಗಿದೆ, ಹೆಬ್ಬೆರಳ ತುದಿಯಲ್ಲಿ ಏನೋ, ಚುಕ್ಕಿಯಷ್ಟು, ಕಾಲೆತ್ತಿ ಮತ್ತೆ ಇಟ್ಟೆ, ತಣ್ಣಗೆ, ಏನಾಯ್ತೇ, ಮಾತಾಡಬೇಡಿ, ಮತ್ತೆ ಎತ್ತಿ ಮತ್ತೆ ಇಟ್ಟೆ, ಹೆಬ್ಬೆರಳ ತುದಿ, ಚುಕ್ಕಿಯಷ್ಟು, ತಣ್ಣಗೆ —